ಕೀಲಿ ಯಾರ ಕೈಲಿತ್ತು?

ನಮ್ಮ ಜಯನಗರದ ಒಂದು ಹಳೇ ಸುದ್ದಿಯನ್ನು ಮತ್ತೆ ಕೆದಕುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ಪರವಾಗಿಲ್ಲ. ಪೂರ್ತಿ ಓದಿ ಆಮೇಲೆ ಬೈಯಿರಿ.

2021ರ ಮೇ 4. ಕೋವಿಡ್ ಎರಡನೇ ಅಲೆಯ ದಿನಗಳು. ಆಕ್ಸಿಜನ್ ಇರುವ ಒಂದೇ ಒಂದು ಬೆಡ್‌ಗಾಗಿ ಬೆಂಗಳೂರಿನ ಜನ ರಾತ್ರಿಯಿಡೀ ಫೋನ್ ಹಿಡಿದು ಕೂತಿರುತ್ತಿದ್ದರು. ಬಿಯು ನಂಬರ್ ಬಂತಾ, 1912 ಎತ್ತಿದ್ರಾ, ವಾರ್ ರೂಮ್‌ನಿಂದ ಕಾಲ್ ಬಂತಾ, ಎಲ್ಲರ ಮನೆಯಲ್ಲೂ ಇದೇ ಮಾತು. ಅವತ್ತು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ತಮ್ಮ ಪಕ್ಷದ ಶಾಸಕರ ಜೊತೆ ಬಂದು, ಬೆಡ್ ಹಂಚಿಕೆಯಲ್ಲಿ ದಂಧೆ ನಡೀತಿದೆ ಎಂದು ಆರೋಪಿಸಿದರು. ಜಯನಗರದಲ್ಲಿದ್ದ ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮ್‌ಗೂ ಹೋದರು. ಆರೋಪ ಇಷ್ಟು: ಲಕ್ಷಣಗಳಿಲ್ಲದೆ ಮನೆಯಲ್ಲೇ ಇರುವ ಸೋಂಕಿತರ ಹೆಸರಲ್ಲಿ ಬೆಡ್ ಬ್ಲಾಕ್ ಮಾಡೋದು, ಆಮೇಲೆ ಅದನ್ನ ದುಡ್ಡು ಕೊಟ್ಟವರಿಗೆ ದಾಟಿಸೋದು.

ಆರೋಪ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಿಸಿಬಿ ತನಿಖೆ ನಡೆಯಿತು, ಬಂಧನಗಳಾದವು. ನನ್ನ ತಕರಾರು ಆಮೇಲೆ ಆಗಿದ್ದರ ಬಗ್ಗೆ. ಇನ್ನೂರು ಜನರ ಆಸುಪಾಸು ಕೆಲಸ ಮಾಡುತ್ತಿದ್ದ ಆ ವಾರ್ ರೂಮ್‌ನ ಹದಿನೇಳು ಜನರ ಹೆಸರನ್ನು ಕ್ಯಾಮೆರಾ ಮುಂದೆ ಓದಲಾಯಿತು. ಹದಿನೇಳೂ ಮುಸ್ಲಿಂ ಹೆಸರುಗಳು. ಏಜೆನ್ಸಿ ಮೂಲಕ ಕೆಲಸಕ್ಕೆ ಸೇರಿದ್ದ ಹುಡುಗರು. ಆ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲಾ ಸುತ್ತಿತು. ಅವರನ್ನು ಕೆಲಸದಿಂದ ದೂರ ಇಡಲಾಯಿತು. ಅವರಲ್ಲಿ ಹೆಚ್ಚಿನವರು ಬೆಡ್ ಹಂಚುವ ಕೆಲಸದಲ್ಲೇ ಇರಲಿಲ್ಲ ಎಂದು ಆಮೇಲೆ ವರದಿಯಾಯಿತು. ಪೊಲೀಸರು ವಿಚಾರಿಸಿದರು, ಆ ಹದಿನೇಳು ಜನರ ಪಾತ್ರಕ್ಕೆ ಪುರಾವೆ ಸಿಗಲಿಲ್ಲ ಎಂದೂ ವರದಿಯಾಯಿತು. ಮತ್ತೆ ಕೆಲಸಕ್ಕೆ ಕರೆದರು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹೋದ ಮಾನವನ್ನು ಯಾವ ಆದೇಶ ವಾಪಸ್ ತರುತ್ತೆ ಹೇಳಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಇದರಲ್ಲಿನ ರಾಜಕೀಯದ ಬಗ್ಗೆ, ಕೋಮುದ್ವೇಷದ ಬಗ್ಗೆ ಆಗಲೇ ಬಹಳ ಜನ ಬರೆದಿದ್ದಾರೆ. ಬರೆಯಬೇಕಾದದ್ದೇ. ನಾನು ಹೊಟ್ಟೆಪಾಡಿಗೆ ಸರ್ವರ್ ಕಾಯುವವನು. ಅದಕ್ಕೇ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಅವತ್ತು ಕೇಳಬೇಕಾಗಿದ್ದ ಪ್ರಶ್ನೆ "ಇಲ್ಲಿ ಯಾರ್‍ಯಾರು ಕೆಲಸ ಮಾಡ್ತಾರೆ?" ಅನ್ನೋದೇ ಅಲ್ಲ. ಕೇಳಬೇಕಾಗಿದ್ದು ಇದು: ಆ ಬೆಡ್ ಬ್ಲಾಕ್ ಆಗಿದ್ದು ಯಾವ ಲಾಗಿನ್‌ನಿಂದ? ಯಾವ ಕಂಪ್ಯೂಟರ್‌ನಿಂದ, ಎಷ್ಟು ಗಂಟೆಗೆ? ಆ ಲಾಗಿನ್‌ಗೆ ಅಷ್ಟು ಅಧಿಕಾರ ಕೊಟ್ಟವರು ಯಾರು? ಅದೇ ಲಾಗಿನ್ ಇನ್ನೆಷ್ಟು ಜನರ ಹತ್ತಿರ ಇತ್ತು? ಈ ನಾಲ್ಕು ಪ್ರಶ್ನೆಗೆ ಅಲ್ಲೇ, ಆ ಕ್ಷಣವೇ, ಒಂದು ಪ್ರಿಂಟ್‌ಔಟ್ ತೆಗೆದು ಮೇಜಿನ ಮೇಲೆ ಇಡುವ ಹಾಗಿದ್ದಿದ್ದರೆ, ಹೆಸರಿನ ಪಟ್ಟಿ ಓದೋಕೆ ಯಾರಿಗೂ ಜಾಗವೇ ಇರುತ್ತಿರಲಿಲ್ಲ. ಕಳ್ಳ ಇದ್ದರೆ ಅವನೊಬ್ಬನೇ ಸಿಗುತ್ತಿದ್ದ. ಉಳಿದವರು ಮರುದಿನ ತಲೆಯೆತ್ತಿ ಕೆಲಸಕ್ಕೆ ಬರುತ್ತಿದ್ದರು.

ದಾಖಲೆ ಇಲ್ಲದ ಕಡೆ ಗುಮಾನಿಯದ್ದೇ ರಾಜ್ಯಭಾರ. ಗುಮಾನಿ ನೀರಿನ ಥರ, ಯಾವಾಗಲೂ ಕೆಳಕ್ಕೇ ಹರಿಯುತ್ತೆ. ಏಜೆನ್ಸಿ ಹುಡುಗನ ಮೇಲೆ, ಹೊಸದಾಗಿ ಸೇರಿದವಳ ಮೇಲೆ, ಹೌಸ್‌ಕೀಪಿಂಗ್ ಅಣ್ಣನ ಮೇಲೆ, ಯಾರ ಹೆಸರು ನಮಗೆ ಹಿಡಿಸುವುದಿಲ್ಲವೋ ಅವರ ಮೇಲೆ. ಮೇಲಿರುವವರ ಕ್ಯಾಬಿನ್ ತನಕ ಅದು ಹರಿದಿದ್ದನ್ನ ನಾನಂತೂ ನೋಡಿಲ್ಲ.

ಈಗ ನೇರವಾಗಿ ನಿಮ್ಮ ವಿಷಯಕ್ಕೆ ಬರುತ್ತೇನೆ. ಬಿಟಿಎಂ ಲೇಔಟ್‌ನ ಮೂರನೇ ಮಹಡಿಯ ಸ್ಟಾರ್ಟಪ್‌ನಲ್ಲೋ, ಬನಶಂಕರಿಯ ಅಕೌಂಟಿಂಗ್ ಆಫೀಸಿನಲ್ಲೋ, ಜೆ.ಪಿ. ನಗರದ ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲೋ ಕೆಲಸ ಮಾಡುವ ನಿಮ್ಮದೇ ವಿಷಯ. ನಿಮ್ಮ ಆಫೀಸಿನಲ್ಲಿ "ಅಡ್ಮಿನ್" ಅನ್ನೋ ಹೆಸರಿನ ಅಕೌಂಟ್ ಒಂದು ಇರುತ್ತೆ. ಅದಕ್ಕೆ ಎಲ್ಲಾ ಬಾಗಿಲೂ ತೆರೆಯುತ್ತೆ. ಡೇಟಾಬೇಸ್ ಅಳಿಸಬಹುದು, ಸಂಬಳದ ಪಟ್ಟಿ ನೋಡಬಹುದು, ಬೇರೆಯವರ ಪಾಸ್‌ವರ್ಡ್ ಬದಲಿಸಬಹುದು, ಬೇಕಾದರೆ ತನ್ನದೇ ಜಾಡು ಅಳಿಸಬಹುದು. ನಮ್ಮ ಕಸುಬಿನಲ್ಲಿ ಇದನ್ನ ಪ್ರಿವಿಲೆಜ್ಡ್ ಅಕೌಂಟ್ ಅಂತಾರೆ. ವಿಶೇಷಾಧಿಕಾರದ ಖಾತೆ ಅನ್ನಿ. ಇದರ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು? ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಪುಣೆಗೆ ಹೋದ ಹುಡುಗನಿಗೆ ಇನ್ನೂ ಗೊತ್ತಿದೆಯಾ? ಟೀಮಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡಿದರೆ ಸಿಗುತ್ತಾ? ಸುಮ್ಮನೆ ಒಂದು ಸಲ ಸ್ಕ್ರೋಲ್ ಮಾಡಿ ನೋಡಿ. ನಾನು ನೋಡಿದ ಸಣ್ಣ ಕಂಪನಿಗಳಲ್ಲಿ ಹತ್ತಕ್ಕೆ ಏಳೆಂಟು ಕಡೆ ಸಿಕ್ಕಿದೆ.

"ಅಯ್ಯೋ, ನಾವೆಲ್ಲಾ ಒಂದೇ ಫ್ಯಾಮಿಲಿ ಇದ್ದ ಹಾಗೆ, ನಂಬಿಕೆ ಇಲ್ವಾ?" ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲಾ ನನಗೆ ಮೈಯುರಿಯುತ್ತೆ. ಕೆಲಸದಿಂದ ತೆಗೆಯುವಾಗ ಫ್ಯಾಮಿಲಿ ನೆನಪಾಗಲ್ಲ, ಪಾಸ್‌ವರ್ಡ್ ಹಂಚುವಾಗ ಮಾತ್ರ ನೆನಪಾಗುತ್ತೆ.

ಹಂಚಿಕೊಂಡ ಪಾಸ್‌ವರ್ಡ್ ಅನ್ನೋದು ನಂಬಿಕೆಯ ಗುರುತು ಅಂತ ತಿಳಿದಿದ್ದೀರಾ? ಅದು ಆರು ಜನರ ಕೊರಳಿಗೆ ಕಟ್ಟಿದ ಒಂದೇ ಹಗ್ಗ. ಆರರಲ್ಲಿ ಒಬ್ಬ ತಪ್ಪು ಮಾಡಿದರೆ ಆರೂ ಜನ ಅನುಮಾನಕ್ಕೆ ಬೀಳುತ್ತಾರೆ. ನಿರ್ದೋಷಿಗಳಾದ ಐದು ಜನಕ್ಕೆ "ನಾನಲ್ಲ" ಅಂತ ತೋರಿಸೋಕೆ ಒಂದು ಚೂರು ಕಾಗದವೂ ಇರುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳನೇ ಆಗಿರಬೇಕಿಲ್ಲ, ಎಲ್ಲರಿಗೂ ಒಂದೇ ಗೋಣಿಚೀಲ ಹೊದಿಸಿದರೆ ಎಲ್ಲರೂ ಹೆಗಲು ನೋಡಿಕೊಳ್ಳುತ್ತಾರೆ.

ನಂಬಿಕೆಯ ಮಾತು ಆಡುವವರು ಒಂದು ಸಲ ಬ್ಯಾಂಕಿಗೆ ಹೋಗಿ ಬರಲಿ. ಲಾಕರ್ ತೆರೆಯೋಕೆ ಎರಡು ಕೀಲಿ ಬೇಕು, ಒಂದು ನಿಮ್ಮದು, ಇನ್ನೊಂದು ಬ್ಯಾಂಕಿನದು. ಯಾವತ್ತಾದರೂ ನಿಮ್ಮ ತಂದೆ "ಏನ್ರೀ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮ್ಯಾನೇಜರ್ ಮೇಲೆ ರೇಗಿದ್ದಾರಾ? ಸ್ಟ್ರಾಂಗ್ ರೂಮಿನ ಕೀಲಿಗಳು ಇಬ್ಬರು ಅಧಿಕಾರಿಗಳ ಕೈಲಿ ಇರುತ್ತವೆ. ಒಬ್ಬರೇ ತೆರೆಯೋಕೆ ಆಗಲ್ಲ. ಸರ್ಕಾರಿ ಖಜಾನೆಯಲ್ಲಿ "ಡಬಲ್ ಲಾಕ್" ಅನ್ನೋದು ಬ್ರಿಟಿಷರ ಕಾಲದ ಪದ್ಧತಿ. ಮುಜರಾಯಿ ದೇವಸ್ಥಾನದ ಹುಂಡಿಯನ್ನು ಅಧಿಕಾರಿಗಳು, ಸಿಬ್ಬಂದಿ ಎಲ್ಲರ ಎದುರು ತೆರೆದು ಎಣಿಸುತ್ತಾರೆ. ದೇವರ ದುಡ್ಡಿಗೇ ಸಾಕ್ಷಿ ಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಇದರಿಂದ ಯಾವ ಅರ್ಚಕರ ಮಾನವೂ ಹೋಗಲಿಲ್ಲ. ಎಣಿಕೆಯಲ್ಲಿ ಕಡಿಮೆ ಬಂದರೆ ಅರ್ಚಕರ ಮೇಲೆ ಬೆರಳು ತೋರಿಸೋಕೆ ಆಗದ ಹಾಗೆ ಆಯಿತು, ಅಷ್ಟೇ.

ಕಂಪ್ಯೂಟರ್ ವಿಷಯದಲ್ಲೂ ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 2000ದ ದಶಕದ ಶುರುವಿನಲ್ಲಿ "ಭೂಮಿ" ಯೋಜನೆ ಬಂತಲ್ಲ, ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರ್‌ಗೆ ತಂದದ್ದು? ಅದರಲ್ಲಿ ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಮಾಡಿದ್ದರು. ಯಾಕೆ ಅಂದರೆ, ನಾಳೆ ಒಬ್ಬ ರೈತನ ಎರಡು ಎಕರೆ ಇನ್ನೊಬ್ಬನ ಹೆಸರಿಗೆ ಹೋದರೆ "ಯಾರೋ ನನ್ನ ಪಾಸ್‌ವರ್ಡ್ ಬಳಸಿಬಿಟ್ಟಿದ್ದಾರೆ ಸಾರ್" ಅಂತ ಹೇಳಿ ಜಾರಿಕೊಳ್ಳುವ ಹಾಗಿರಬಾರದು. ಅದರಿಂದ ಭೂಮಿ ವ್ಯವಹಾರದ ಮೋಸವೆಲ್ಲಾ ನಿಂತುಹೋಯಿತು ಅಂತ ನಾನು ಹೇಳಲ್ಲ. ಆದರೆ ಯಾರು ತಿದ್ದಿದರು ಅನ್ನುವುದು ಗಾಳಿಮಾತಾಗಿ ಉಳಿಯಬಾರದು ಅನ್ನೋ ತಿಳಿವಳಿಕೆ ಇದೇ ರಾಜ್ಯದ ಸರ್ಕಾರಕ್ಕೆ ಅಷ್ಟು ಹಿಂದೆಯೇ ಇತ್ತು. ಇಪ್ಪತ್ತು ವರ್ಷ ಆದಮೇಲೆ, ಜೀವ ಹೋಗೋ ಹೊತ್ತಿನಲ್ಲಿ, ಅದೇ ತಿಳಿವಳಿಕೆ ಎಲ್ಲಿ ಹೋಗಿತ್ತು?

ಈಗ ಕಳ್ಳ ಹೊರಗಿನವನಾಗಿರುವ ಪ್ರಕರಣಗಳನ್ನು ನೋಡೋಣ. ನಿಮ್ಮಂಥ, ನನ್ನಂಥ ನೌಕರನಿಗೆ ಅಲ್ಲಿ ಇನ್ನೂ ದೊಡ್ಡ ಅಪಾಯ ಇದೆ.

2025ರ ಜುಲೈ 19ರ ನಸುಕಿನಲ್ಲಿ ಕ್ರಿಪ್ಟೋ ವಹಿವಾಟಿನ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯ ಒಂದು ಆಂತರಿಕ ಖಾತೆಯಿಂದ 4.4 ಕೋಟಿ ಡಾಲರ್, ಅಂದರೆ ಸುಮಾರು 379 ಕೋಟಿ ರೂಪಾಯಿ, ಮಾಯವಾಯಿತು. ಗ್ರಾಹಕರ ಹಣಕ್ಕೆ ತೊಂದರೆಯಿಲ್ಲ, ನಷ್ಟ ನಾವೇ ತುಂಬುತ್ತೇವೆ ಎಂದು ಸಂಸ್ಥೆ ಹೇಳಿತು. ಕೆಲವೇ ದಿನದಲ್ಲಿ ಬೆಂಗಳೂರು ಪೊಲೀಸರು ಸಂಸ್ಥೆಯ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಬಂಧಿಸಿದರು. ಆತನ ಆಫೀಸ್ ಲ್ಯಾಪ್‌ಟಾಪ್‌ನಿಂದ ಲಾಗಿನ್ ವಿವರ ಕದ್ದು ಈ ಕೆಲಸ ಮಾಡಿದ್ದಾರೆ ಎಂಬುದು ದೂರು. ಬಿಡುವಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುವಾಗ ಬಂದ ಫೈಲ್‌ಗಳ ಜೊತೆ ಕಳ್ಳ ತಂತ್ರಾಂಶ ಒಳಗೆ ನುಸುಳಿರಬಹುದು ಎಂದು ಸುದ್ದಿಯಾಯಿತು. ಕಳ್ಳತನ ತನಗೆ ಗೊತ್ತೇ ಇರಲಿಲ್ಲ ಎಂದು ಆತ ಹೇಳಿದ್ದೂ ವರದಿಯಾಯಿತು. ತಪ್ಪು ಯಾರದ್ದು ಅನ್ನುವುದನ್ನು ಕೋರ್ಟು ಹೇಳಲಿ. ನನ್ನ ಪ್ರಶ್ನೆ ಬೇರೆ. ದೂರಿನಲ್ಲಿ ಇರುವುದೇ ನಿಜ ಅಂದುಕೊಂಡರೂ, ಒಬ್ಬ ನೌಕರನ ಲ್ಯಾಪ್‌ಟಾಪಿಗೆ ನುಗ್ಗಿದ ಕಳ್ಳನಿಗೆ ತಿಜೋರಿ ತನಕ ನಡೆಯುವ ದಾರಿ ಹೇಗೆ ತೆರೆದಿತ್ತು? ಮಧ್ಯೆ ಎಷ್ಟು ಬಾಗಿಲಿದ್ದವು?

ಲ್ಯಾಪ್‌ಟಾಪಿಗೆ ಕಳ್ಳ ನುಗ್ಗುವುದನ್ನು ಪೂರ್ತಿ ತಡೆಯೋಕೆ ಯಾರಿಂದಲೂ ಆಗಲ್ಲ. ಸಾವಿರ ಜನರ ಕಂಪನಿಯಲ್ಲಿ ಯಾರೋ ಒಬ್ಬರು, ಯಾವುದೋ ಒಂದು ದಿನ, ಯಾವುದೋ ಲಿಂಕ್ ಒತ್ತೇ ಒತ್ತುತ್ತಾರೆ. ಬುದ್ಧಿವಂತರೂ ಒತ್ತುತ್ತಾರೆ. ಅದಕ್ಕೇ ಈ ಕಸುಬಿನವರ ಲೆಕ್ಕಾಚಾರ ಬೇರೆ ಥರ ಇರುತ್ತೆ: ಕಳ್ಳ ಒಳಗೆ ಬಂದೇ ಬರುತ್ತಾನೆ, ಬಂದವನ ಕೈಗೆ ಏನು ಸಿಗಬೇಕು? ಹಜಾರದ ಕುರ್ಚಿ ಸಿಗಲಿ, ದೇವರ ಮನೆಯ ಬೆಳ್ಳಿ ದೀಪ ಸಿಗಬಾರದು. ನಷ್ಟ ಒಂದು ಕೋಣೆಗೆ ನಿಲ್ಲಬೇಕು. ಹಾಗೆ ನಿಲ್ಲಿಸದೇ ಇದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗುವವನು ಲ್ಯಾಪ್‌ಟಾಪಿನ ಮಾಲೀಕ. ಅಂದರೆ ನೀವು.

ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಕಥೆಯೂ ಇದೇ. 2020ರ ಜುಲೈಯಲ್ಲಿ ಟ್ವಿಟರ್‌ನಲ್ಲಿ ಒಬಾಮ, ಬಿಲ್ ಗೇಟ್ಸ್ ಅಂಥವರ ಖಾತೆಗಳಿಂದ ಬಿಟ್‌ಕಾಯಿನ್ ಕೇಳಿ ಟ್ವೀಟ್ ಬಂತು ನೆನಪಿದೆಯಾ? ಆ ಕೈಚಳಕದ ಮುಖ್ಯ ರೂವಾರಿ ಫ್ಲಾರಿಡಾದ 17 ವರ್ಷದ ಹುಡುಗ. ಅವನು ಅಷ್ಟೂ ಜನರ ಪಾಸ್‌ವರ್ಡ್ ಒಡೆಯಲಿಲ್ಲ. ನೌಕರರನ್ನು ಫೋನಿನಲ್ಲಿ ಯಾಮಾರಿಸಿ, ಯಾರ ಖಾತೆಯನ್ನಾದರೂ ತೆರೆಯಬಲ್ಲ ಕಂಪನಿಯ ಒಳಗಿನ ಟೂಲ್ ತನಕ ಹೋದ. ಆ ಟೂಲ್ ಸಾವಿರಕ್ಕೂ ಹೆಚ್ಚು ಜನರ ಕೈಲಿ ಇತ್ತು ಎಂದು ಆಮೇಲೆ ವರದಿಯಾಯಿತು. ಸಾವಿರ ಕೀಲಿ ಇದ್ದರೆ ಅದು ಬೀಗವಾ, ಅಲಂಕಾರವಾ?

2022ರ ಸೆಪ್ಟೆಂಬರ್‌ನಲ್ಲಿ ಊಬರ್. ಇಲ್ಲಿ ತಮಾಷೆ ಇನ್ನೂ ಕಹಿ. ಒಬ್ಬ ಗುತ್ತಿಗೆ ನೌಕರನ ಫೋನಿಗೆ "ಲಾಗಿನ್ ಆಗ್ತಿರೋದು ನೀವೇನಾ?" ಅನ್ನೋ ನೋಟಿಫಿಕೇಶನ್ ಮೇಲಿಂದ ಮೇಲೆ ಕಳಿಸಿ, ಬೇಸತ್ತು ಆತ ಒಂದಕ್ಕೆ ಒಪ್ಪಿಗೆ ಒತ್ತುವ ಹಾಗೆ ಮಾಡಿದರು. ಒಳಗೆ ಹೋದ ಮೇಲೆ ದಾಳಿಕೋರನೇ ಹೇಳಿಕೊಂಡ ಪ್ರಕಾರ, ಎಲ್ಲರೂ ನೋಡಬಹುದಾದ ಒಂದು ಫೋಲ್ಡರ್‌ನಲ್ಲಿ ಒಂದು ಸ್ಕ್ರಿಪ್ಟ್ ಸಿಕ್ಕಿತು. ಆ ಸ್ಕ್ರಿಪ್ಟಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಬರೆದಿಟ್ಟಿತ್ತು. ಯಾವುದರ ಅಡ್ಮಿನ್? ಕಂಪನಿಯ ಪಾಸ್‌ವರ್ಡ್‌ಗಳನ್ನೆಲ್ಲಾ ಭದ್ರವಾಗಿ ಇಡೋಕೆ ಅಂತಲೇ ತಂದಿದ್ದ ತಿಜೋರಿ ಸಾಫ್ಟ್‌ವೇರ್‌ನ ಅಡ್ಮಿನ್! ಗೋದ್ರೇಜ್ ಬೀರು ತಂದು, ಕೀಲಿಯನ್ನ ಅದರ ತಲೆ ಮೇಲೇ ಇಟ್ಟ ಹಾಗೆ. ಸಾಫ್ಟ್‌ವೇರ್ ಕೊಂಡರೆ ಕೆಲಸ ಮುಗೀತು ಅಂದುಕೊಳ್ಳುವ ಮ್ಯಾನೇಜರ್‌ಗಳು ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಬೇಕು.

ನಮ್ಮ ದೇಶದ್ದೇ ಬೇಕಾ? ಪಂಜಾಬ್ ನ್ಯಾಷನಲ್ ಬ್ಯಾಂಕ್. 2018ರ ಫೆಬ್ರುವರಿಯಲ್ಲಿ ಹೊರಬಂದ ನೀರವ್ ಮೋದಿ ಹಗರಣ, 13,000 ಕೋಟಿ ರೂಪಾಯಿಯ ಲೆಕ್ಕ. ವಿದೇಶಿ ಬ್ಯಾಂಕುಗಳಿಗೆ ಭರವಸೆ ಕೊಡುವ ಸ್ವಿಫ್ಟ್ ಸಂದೇಶ ಕಳಿಸೋಕೆ ಒಬ್ಬರು ಬರೆಯಬೇಕು, ಇನ್ನೊಬ್ಬರು ಪರಿಶೀಲಿಸಬೇಕು ಎಂಬ ನಿಯಮ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಆದರೆ ಆ ಪಾಸ್‌ವರ್ಡ್‌ಗಳು ಹೊರಗಿನವರ ಕೈಗೂ ಹೋಗಿದ್ದವು ಎಂಬುದು ತನಿಖೆಯಲ್ಲಿ ಬಂದ ಆರೋಪ. ಎರಡು ಕೀಲಿಯೂ ಒಂದೇ ಜೇಬಿನಲ್ಲಿದ್ದರೆ ಡಬಲ್ ಲಾಕ್ ಅನ್ನೋದಕ್ಕೆ ಏನರ್ಥ?

ಹಾಗಾದರೆ ಮಾಡಬೇಕಾದ್ದೇನು? ರಾಕೆಟ್ ಸೈನ್ಸ್ ಏನಲ್ಲ. ಇಮೇಲ್ ನೋಡುವ, ಯೂಟ್ಯೂಬ್ ನೋಡುವ ದಿನದ ಖಾತೆಯೇ ಬೇರೆ ಇರಬೇಕು, ಅಡ್ಮಿನ್ ಕೆಲಸದ ಖಾತೆಯೇ ಬೇರೆ ಇರಬೇಕು. ಅಡ್ಮಿನ್ ಖಾತೆ ಪ್ರತಿಯೊಬ್ಬರದ್ದೂ ಅವರವರ ಹೆಸರಿನಲ್ಲೇ ಇರಬೇಕು, "ಅಡ್ಮಿನ್" ಅನ್ನೋ ಅನಾಮಿಕನ ಹೆಸರಿನಲ್ಲಲ್ಲ. ಅಧಿಕಾರ ಕೆಲಸ ಇದ್ದಾಗ ಕೇಳಿ ಪಡೆಯುವಂತಿರಬೇಕು, ಎರಡು ಗಂಟೆಯ ಕೆಲಸವಾದರೆ ಎರಡು ಗಂಟೆಗೆ, ಆಮೇಲೆ ತಾನಾಗಿಯೇ ವಾಪಸ್ ಹೋಗಬೇಕು. ಮದುವೆ ಛತ್ರದ ಕೀಲಿ ಮದುವೆ ಮುಗಿದ ಮೇಲೂ ನಮ್ಮ ಹತ್ತಿರವೇ ಇರುತ್ತಾ? ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು, ಫೋನಿನದ್ದೋ ಭದ್ರತಾ ಕೀಲಿಯದ್ದೋ, ಕಡ್ಡಾಯ ಇರಬೇಕು. ಹಣ ಕಳಿಸುವ, ಡೇಟಾ ಅಳಿಸುವ, ಹೊಸ ಅಡ್ಮಿನ್ ಸೃಷ್ಟಿಸುವ ಕೆಲಸಕ್ಕೆ ಇಬ್ಬರ ಒಪ್ಪಿಗೆ ಬೇಕು. ಸ್ಕ್ರಿಪ್ಟುಗಳ ಒಳಗೆ ಪಾಸ್‌ವರ್ಡ್ ಬರೆಯಬಾರದು. ಮನುಷ್ಯರ ಖಾತೆಗಳಷ್ಟೇ ಜೋಪಾನವಾಗಿ ಯಂತ್ರಗಳ ಖಾತೆಗಳನ್ನೂ ಎಣಿಸಿ ಇಡಬೇಕು.

ಕೆಲಸ ಬಿಟ್ಟವರ ಖಾತೆ ಅದೇ ಸಂಜೆ ಮುಚ್ಚಬೇಕು. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಪೆಟ್ರೋಲ್ ಸಾಗಣೆ ನಿಲ್ಲಿಸಿ, ಬಂಕುಗಳ ಮುಂದೆ ಕ್ಯೂ ಬೆಳೆದದ್ದು ಬಳಕೆಯಲ್ಲೇ ಇಲ್ಲದ ಒಂದು ಹಳೇ ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಗುರುತಿನ ಕಾವಲೂ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಲಾಗ್. ಯಾವ ಅಡ್ಮಿನ್ ಯಾವಾಗ ಏನು ಮಾಡಿದ ಅನ್ನೋ ದಾಖಲೆ, ಆ ಅಡ್ಮಿನ್ನೇ ಅಳಿಸೋಕೆ ಆಗದ ಜಾಗದಲ್ಲಿ ಇರಬೇಕು. ಕಳ್ಳತನ ಮಾಡಿದವನಿಗೇ ಸಿಸಿಟಿವಿ ರೂಮಿನ ಕೀಲಿ ಕೊಟ್ಟರೆ ಸಿಸಿಟಿವಿ ಯಾಕೆ? 180 ದಿನದ ಲಾಗ್ ಇಡಬೇಕು, ದಾಳಿ ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಹಾಕಬಹುದು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಕಾನೂನು ಇದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಇಷ್ಟು ಹೇಳಿದರೆ ಮೊದಲು ಬರುವ ಆಕ್ಷೇಪ ವೇಗದ್ದು. "ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಯಾರ ಪರ್ಮಿಶನ್ ಕೇಳ್ತಾ ಕೂರೋಣ ಗುರೂ?" ನ್ಯಾಯವಾದ ಪ್ರಶ್ನೆ. ಅದಕ್ಕೇ ತುರ್ತು ಖಾತೆ ಅಂತ ಒಂದು ಇಡುತ್ತಾರೆ. ಬಸ್ಸಿನ ಎಮರ್ಜೆನ್ಸಿ ಕಿಟಕಿ ಇದ್ದ ಹಾಗೆ. ಗಾಜು ಒಡೆದು ಹೊರಗೆ ಬನ್ನಿ, ಯಾರೂ ತಡೆಯಲ್ಲ. ಆದರೆ ಗಾಜು ಒಡೆದದ್ದು ಎಲ್ಲರಿಗೂ ಕೇಳಿಸಬೇಕು, ಬೆಳಗ್ಗೆ ಯಾಕೆ ಒಡೆದದ್ದು ಅಂತ ಎರಡು ಸಾಲು ಬರೆಯಬೇಕು. ವಾರ್ ರೂಮಿನ ಬಗ್ಗೆಯೂ ಇದೇ ಮಾತು ಬರುತ್ತೆ, "ಅಂಥಾ ಸಾವು ನೋವಿನ ಹೊತ್ತಲ್ಲಿ ಲಾಗ್ ಗೀಗ್ ಅಂತ ಯಾರಿಗೆ ಟೈಮಿತ್ತು?" ಲಾಗ್ ಬರೆಯುವುದು ಯಂತ್ರ ಸ್ವಾಮಿ, ಅದು ಯಾರ ಟೈಮನ್ನೂ ತಿನ್ನಲ್ಲ. ಹಗರಣ ಹೊರಬಂದ ಮೇಲೆ ಬೆಡ್ ಬುಕ್ ಆದ ತಕ್ಷಣ ರೋಗಿಗೆ ಎಸ್‌ಎಂಎಸ್ ಹೋಗುವಂಥ ಬದಲಾವಣೆಗಳನ್ನು ಅದೇ ಎರಡನೇ ಅಲೆಯ ಮಧ್ಯದಲ್ಲೇ ತಂದರಲ್ಲ, ಆಗ ಟೈಮ್ ಹೇಗೆ ಸಿಕ್ಕಿತು?

ಎರಡನೇ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. "ಇದು ನೌಕರರ ಮೇಲೆ ಕಣ್ಣಿಡೋಕೆ ಮ್ಯಾನೇಜ್‌ಮೆಂಟಿಗೆ ಸಿಗುವ ಇನ್ನೊಂದು ನೆಪ" ಎನ್ನುವುದು. ಮನೆಯಿಂದ ಕೆಲಸ ಮಾಡುವಾಗ ಮೌಸ್ ಅಲ್ಲಾಡಿತಾ ಇಲ್ಲವಾ ಅಂತ ಎಣಿಸುವ ಕಂಪನಿಗಳಿವೆ, ಗೊತ್ತು. ಅಂಥದ್ದನ್ನ ವಿರೋಧಿಸಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ. ಆದರೆ ಸ್ಟ್ರಾಂಗ್ ರೂಮಿನ ಬಾಗಿಲಿಗೆ ಕ್ಯಾಮೆರಾ ಹಾಕುವುದು ಬೇರೆ, ಕ್ಯಾಷಿಯರ್ ಊಟದ ಡಬ್ಬಿಗೆ ಹಾಕುವುದು ಬೇರೆ. ನಾನು ಕೇಳುತ್ತಿರುವುದು ಅಧಿಕಾರದ ಮೇಲಿನ ಕಾವಲು. ಯಾರಿಗೆ ಹೆಚ್ಚು ಅಧಿಕಾರ ಇದೆಯೋ ಅವರ ಮೇಲೆ ಹೆಚ್ಚು ಕಾವಲು. ಲಾಗ್‌ನ ಪ್ರತಿ ಮ್ಯಾನೇಜ್‌ಮೆಂಟ್ ಒಂದರ ಕೈಲೇ ಇರಬಾರದು, ಆರೋಪ ಬಂದಾಗ ತನ್ನ ಲಾಗ್ ತಾನು ಕೇಳಿ ಪಡೆಯುವ ಹಕ್ಕು ನೌಕರನಿಗೂ ಇರಬೇಕು. ಜಯನಗರದ ಆ ಹದಿನೇಳು ಹುಡುಗರಿಗೆ ಬೇಕಾಗಿದ್ದು ಅದೇ.

ಮೂರನೆಯದು ಆಕ್ಷೇಪವೂ ಅಲ್ಲ, ಬರೀ ಜಂಭ. ನಿಯಮ ಎಲ್ಲರಿಗೂ ಬರುತ್ತೆ, ಫೌಂಡರ್‌ಗೆ ಮಾತ್ರ ಬರಲ್ಲ. "ಕಂಪನಿಯೇ ನಂದು, ನಂಗ್ಯಾಕೆ ಒಟಿಪಿ?" ಕ್ಲೌಡ್ ಖಾತೆಯ ರೂಟ್ ಪಾಸ್‌ವರ್ಡ್ ಅವರ ಪರ್ಸನಲ್ ಜಿಮೇಲ್‌ನಲ್ಲಿ, ಆ ಜಿಮೇಲ್ ಮಗನ ಟ್ಯಾಬ್‌ನಲ್ಲಿ, ಆ ಟ್ಯಾಬ್ ಟ್ಯೂಷನ್ ಬ್ಯಾಗ್‌ನಲ್ಲಿ! ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಕಥೆಯೂ ಇಷ್ಟೇ. ಗೇಟಿನ ಆ್ಯಪ್‌ನ ಅಡ್ಮಿನ್ ಲಾಗಿನ್ ಹಾಲಿ ಕಮಿಟಿಗೂ ಗೊತ್ತು, ಮಾಜಿ ಕಮಿಟಿಗೂ ಗೊತ್ತು. ಯಾರ ಮನೆಗೆ ಯಾರು ಯಾವಾಗ ಬಂದರು ಅನ್ನುವುದೆಲ್ಲಾ ಅದರಲ್ಲಿದೆ. ಒಂದು ಮನೆಯಲ್ಲಿ ಕಳ್ಳತನವಾದರೆ ಪೊಲೀಸರಿಗೆ ಮೊದಲು ತೋರಿಸುವುದು ಯಾರನ್ನ? ಕೆಲಸದಮ್ಮನನ್ನ, ಸೆಕ್ಯುರಿಟಿ ತಮ್ಮನನ್ನ. ಸಿಸಿಟಿವಿಯದ್ದಂತೂ ಕೇಳಲೇಬೇಡಿ. ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಕ್ಯಾಮೆರಾ ದೃಶ್ಯಗಳು 2025ರಲ್ಲಿ ಇಂಟರ್ನೆಟ್‌ನಲ್ಲಿ ಮಾರಾಟಕ್ಕೆ ಬಂದವು. ಬದಲಾಯಿಸದೇ ಉಳಿಸಿಕೊಂಡಿದ್ದ "ಅಡ್ಮಿನ್123" ಥರದ ಪಾಸ್‌ವರ್ಡ್ ಅದಕ್ಕೆ ದಾರಿ ಮಾಡಿತು ಎಂದು ವರದಿಯಾಯಿತು. ಚಿಕಿತ್ಸೆಗೆ ಅಂತ ಹೋದ ಹೆಣ್ಣುಮಕ್ಕಳು ಮಾಡಿದ ತಪ್ಪೇನು?

ಇನ್ನೊಂದು ಮಾತು ಹೇಳಿಬಿಡ್ತೀನಿ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ ಸುಮಾರು 11.5 ಕೋಟಿ ರೂಪಾಯಿ ಠೇವಣಿ ಹಣ ಹೋಯಿತು. ಮುಂದಿನ ವರ್ಷ ನಮ್ಮ ಜಯನಗರದ ಯುವಕನೊಬ್ಬ ಬೇರೆ ಕೇಸಿನಲ್ಲಿ ಸಿಕ್ಕಿಬಿದ್ದಾಗ ಇದರ ಆರೋಪವೂ ಅವನ ಮೇಲೆ ಬಂತು. ಆಮೇಲಿನ ಚರ್ಚೆಯೆಲ್ಲಾ ಆ ಹುಡುಗ ಎಂಥಾ ಜೀನಿಯಸ್, ಬಿಟ್‌ಕಾಯಿನ್ ಯಾವ ರಾಜಕಾರಣಿಗೆ ಹೋಯಿತು ಅನ್ನೋದರ ಸುತ್ತ. ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ನಾವೂ ಅದನ್ನೇ ಮಾತಾಡಿದೆವು. ಸರ್ಕಾರದ ಪೋರ್ಟಲ್‌ನಿಂದ ಅಷ್ಟು ದುಡ್ಡು ಹೊರಹೋಗುವಾಗ ಎಷ್ಟು ಜನರ ಒಪ್ಪಿಗೆ ಬೇಕಿತ್ತು, ಯಾವ ಖಾತೆ ಅದನ್ನ ಬಿಟ್ಟಿತು ಅಂತ ಯಾರ ಬಾಯಲ್ಲೂ ಬರಲಿಲ್ಲ. ಕಳ್ಳನ ಕಥೆ ಸಿನಿಮಾದ ಹಾಗೆ ರುಚಿಸುತ್ತೆ. ಬೀಗದ ಕಥೆ ಯಾರಿಗೆ ಬೇಕು?

ನನಗೆ ಬೇಕು. ನಿಮಗೂ ಬೇಕಾಗುವ ದಿನ ಬರುತ್ತೆ, ನಿಮ್ಮ ಹೆಸರು ಯಾವುದೋ ಪಟ್ಟಿಯಲ್ಲಿ ಸೇರಿದ ದಿನ. ಅದಕ್ಕೆ ಮುಂಚೆ, ಈ ಸೋಮವಾರವೇ ಆಫೀಸಿನಲ್ಲಿ ಮೂರು ಪ್ರಶ್ನೆ ಕೇಳಿ. ಅಡ್ಮಿನ್ ಅಧಿಕಾರ ಇವತ್ತು ಯಾರ್‍ಯಾರ ಹತ್ತಿರ ಇದೆ, ಹೆಸರು ಹೆಸರಾಗಿ ಪಟ್ಟಿ ಕೊಡಿ. ಅದರಲ್ಲಿ ನಿಜವಾಗಿ ಬೇಕಾದವರು ಎಷ್ಟು ಜನ? ಹೋದ ವಾರ ಅವರು ಏನೇನು ಮಾಡಿದರು ಅನ್ನೋ ದಾಖಲೆ ಎಲ್ಲಿದೆ, ಅದನ್ನ ಅಳಿಸೋಕೆ ಯಾರಿಂದ ಆಗುತ್ತೆ? ಉತ್ತರ ಕೊಡೋಕೆ ಬಾಸ್ ತಡವರಿಸಿದರೆ ಅಡ್ಮಿನ್ ಪಾಸ್‌ವರ್ಡ್ ಅವರಿಗೇ ವಾಪಸ್ ಕೊಟ್ಟುಬಿಡಿ. "ಇದು ನನಗೆ ಬೇಡ ಸಾರ್, ನನ್ನ ಹೆಸರಿನದ್ದೇ ಒಂದು ಖಾತೆ ಕೊಡಿ, ನನ್ನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೊಡಿ" ಅನ್ನಿ. ಅಧಿಕಾರ ಬೇಡ ಅನ್ನುವವನನ್ನು ನೋಡಿ ಅವರು ಬೆರಗಾಗಬಹುದು. ಆಗಲಿ ಬಿಡಿ.